ತಂತ್ರಾಂಶಕ್ಕೂ ಬೇಕು ಜೀರ್ಣೋದ್ಧಾರ

ಕಟ್ಟಡ ಎಷ್ಟೇ ಭವ್ಯವಾಗಿರಲಿ, ನೋಡುಗರ ಕಣ್ಣು ನಿಲ್ಲುವುದು ಗೋಪುರದ ಮೇಲೆಯೇ ಹೊರತು ತಳಪಾಯದ ಮೇಲಲ್ಲ. ತಂತ್ರಾಂಶಗಳ ಲೋಕದಲ್ಲೂ ಇದೇ ಕಥೆ. ಹೊಸ ಆವೃತ್ತಿಯೊಂದು ಹೊರಬಂದಾಗ ಅದರಲ್ಲಿರುವ ಹೊಸ ಸೌಲಭ್ಯಗಳು ಸುದ್ದಿಯಾಗುತ್ತವೆ. ಆ ತಂತ್ರಾಂಶವನ್ನು ಯಾವ ಕ್ರಮದಲ್ಲಿ, ಯಾವ ಸಲಕರಣೆಗಳಿಂದ ಕಟ್ಟಲಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಜಗತ್ತಿನ ಅತ್ಯಂತ ವಿಶ್ವಾಸಾರ್ಹ ಮುಕ್ತ ತಂತ್ರಾಂಶಗಳಲ್ಲಿ ಒಂದೆಂದು ಹೆಸರಾದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೆಲವು ವರ್ಷಗಳಿಂದ ಕೈಗೊಂಡಿರುವುದು ಇಂಥ ಕಣ್ಣಿಗೆ ಕಾಣದ ತಳಪಾಯದ ಕೆಲಸವನ್ನೇ. ಅದು ಕೇವಲ ಎಂಜಿನಿಯರುಗಳ ಒಳಮನೆಯ ವಿಷಯವಲ್ಲ, ನಮ್ಮೆಲ್ಲರಿಗೂ ಸಂಬಂಧಿಸಿದ್ದು ಎಂಬುದನ್ನು 2024ರ ಮಾರ್ಚ್ ತಿಂಗಳ ಒಂದು ಪ್ರಕರಣ ಮನದಟ್ಟು ಮಾಡಿಕೊಟ್ಟಿತು.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬುದು ದತ್ತಸಂಚಯಗಳನ್ನು, ಅಂದರೆ ಡೇಟಾಬೇಸ್‌ಗಳನ್ನು, ನಿರ್ವಹಿಸುವ ತಂತ್ರಾಂಶ. ಬಳಕೆದಾರರ ಬಾಯಲ್ಲಿ ಅದು ಪೋಸ್ಟ್‌ಗ್ರೆಸ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಪ್ರೊ. ಮೈಕೆಲ್ ಸ್ಟೋನ್‌ಬ್ರೇಕರ್ ನೇತೃತ್ವದಲ್ಲಿ 1986ರಲ್ಲಿ ಸಂಶೋಧನಾ ಯೋಜನೆಯಾಗಿ ಆರಂಭವಾದ ಅದು 1996ರಲ್ಲಿ ಈಗಿನ ಹೆಸರನ್ನು ಪಡೆಯಿತು. ಅಂದಿನಿಂದ ಯಾವುದೇ ಒಂದು ಕಂಪನಿಯ ಸ್ವತ್ತಾಗದೆ, ನಾನಾ ದೇಶಗಳ ಸ್ವಯಂಸೇವಕರ ಹಾಗೂ ಸಂಬಳ ಪಡೆಯುವ ಎಂಜಿನಿಯರುಗಳ ಕೂಡು ದುಡಿಮೆಯಿಂದ ಬೆಳೆದಿದೆ. ಜಗತ್ತಿನ ಮುಕ್ತ ನಕಾಶೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ತನ್ನ ಮಾಹಿತಿಯನ್ನು ಇಟ್ಟುಕೊಂಡಿರುವುದು ಇದರಲ್ಲಿ. ನಗರಾಡಳಿತ ಸೇವೆಗಳಿಗಾಗಿ ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್ ರೂಪಿಸಿದ 'ಡಿಜಿಟ್' ವೇದಿಕೆಯೂ ಇದನ್ನು ಬಳಸುತ್ತದೆ. ತೆರಿಗೆ ಕಟ್ಟಿದ ನಾಗರಿಕನಿಗೆ ತನ್ನ ರಸೀದಿಯ ಹಿಂದೆ ಯಾವ ತಂತ್ರಾಂಶವಿದೆ ಎಂಬುದು ತಿಳಿದಿರುವುದಿಲ್ಲ. ತಿಳಿದಿರಬೇಕಾದ ಅಗತ್ಯವೂ ಇಲ್ಲ. ಆದರೆ ಅದು ನಂಬಿಕೆಗೆ ಅರ್ಹವಾಗಿರಬೇಕಾದ ಅಗತ್ಯ ಖಂಡಿತ ಇದೆ.

ಹೋಳಿಗೆ ಮತ್ತು ಹೂರಣ

ಪ್ರೋಗ್ರಾಮರ್ ಬರೆಯುವುದು ಮನುಷ್ಯರು ಓದಬಲ್ಲ ಪಠ್ಯವನ್ನು. ಅದೇ ಸೋರ್ಸ್ ಕೋಡ್. ಯಂತ್ರಕ್ಕೆ ಅರ್ಥವಾಗುವುದು ಸೊನ್ನೆ ಮತ್ತು ಒಂದರ ಸರಣಿ ಮಾತ್ರ. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವುದು ಕಂಪೈಲರ್ ಎಂಬ ತಂತ್ರಾಂಶದ ಕೆಲಸ. ಹತ್ತಾರು ಸಾಲಿನ ಪ್ರೋಗ್ರಾಂ ಆಗಿದ್ದರೆ ಒಂದೇ ಆಜ್ಞೆಯಲ್ಲಿ ಇದು ಮುಗಿಯುತ್ತದೆ. ಪೋಸ್ಟ್‌ಗ್ರೆಸ್‌ನಂಥ ತಂತ್ರಾಂಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲುಗಳು ಸಾವಿರಾರು ಕಡತಗಳಲ್ಲಿ ಹರಡಿಕೊಂಡಿವೆ. ಅವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವ ಯಂತ್ರಕ್ಕೆ ಯಾವ ಬಗೆಯಲ್ಲಿ ಎಂಬುದನ್ನೆಲ್ಲ ನಿರ್ಧರಿಸಿ ಕೆಲಸ ಮಾಡಿಸುವ ಏರ್ಪಾಟಿಗೆ ಬಿಲ್ಡ್ ವ್ಯವಸ್ಥೆ ಎನ್ನುತ್ತಾರೆ.

ಮದುವೆ ಮನೆಯ ಅಡುಗೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾದೀತು. ಹೋಳಿಗೆಗೆ ಹೂರಣವೂ ಬೇಕು, ಕಣಕವೂ ಬೇಕು. ಹೂರಣಕ್ಕೆ ಬೇಳೆ ಬೇಯಬೇಕು, ಬೆಲ್ಲ ಸೇರಬೇಕು. ಬೆಲ್ಲ ಸರಿಯಿಲ್ಲವೆಂದು ಬೇರೆ ತರಿಸಿದರೆ ಹೂರಣವನ್ನು ಮತ್ತೆ ರುಬ್ಬಬೇಕು, ಹೋಳಿಗೆಯನ್ನು ಮತ್ತೆ ತಟ್ಟಬೇಕು. ನಾದಿಟ್ಟ ಕಣಕವನ್ನು ಮುಟ್ಟಬೇಕಾಗಿಲ್ಲ. ಹೂರಣ ಸಿದ್ಧವಾಗುವವರೆಗೆ ಕೋಸಂಬರಿ ಕಲಸುವವರು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ಈ ಅರಿವೇ ಬಿಲ್ಡ್ ವ್ಯವಸ್ಥೆಯ ಜೀವಾಳ.

ಈ ಅರಿವನ್ನು ಮೊದಲ ಬಾರಿಗೆ ಸಮರ್ಪಕವಾಗಿ ತಂತ್ರಾಂಶಕ್ಕೆ ಇಳಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೂವರ್ಟ್ ಫೆಲ್ಡ್‌ಮನ್. 1976ರಲ್ಲಿ ಅವರು ಬರೆದ 'ಮೇಕ್' ಎಂಬ ಸಲಕರಣೆ ಯಾವ ಕಡತ ಬದಲಾಗಿದೆ ಎಂಬುದನ್ನು ಅದರ ವೇಳೆಯ ಗುರುತಿನಿಂದ ಪತ್ತೆ ಹಚ್ಚಿ, ಅದನ್ನು ಅವಲಂಬಿಸಿದವುಗಳನ್ನಷ್ಟೇ ಮತ್ತೆ ಕಟ್ಟುತ್ತದೆ. ಇದಕ್ಕಾಗಿ ಅವರಿಗೆ 2003ರ ಎಸಿಎಂ ತಂತ್ರಾಂಶ ಪ್ರಶಸ್ತಿಯೂ ಸಂದಿತು. ಅರ್ಧ ಶತಮಾನದ ನಂತರವೂ ಮೇಕ್ ಬಳಕೆಯಲ್ಲಿದೆ. ಅದರೊಂದಿಗೆ ಅದರ ಒಂದು ಕುಪ್ರಸಿದ್ಧ ದೋಷವೂ ಉಳಿದುಕೊಂಡಿದೆ. ಮೇಕ್‌ಗೆ ಬರೆಯುವ ಆಜ್ಞೆಯ ಸಾಲುಗಳು ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕು. ಕಣ್ಣಿಗೆ ಒಂದೇ ರೀತಿ ಕಾಣುವ ಖಾಲಿ ಜಾಗಗಳನ್ನು ಬಿಟ್ಟರೆ ಕೆಲಸ ನಿಂತುಹೋಗುತ್ತದೆ. ಇದು ಸರಿಯಲ್ಲವೆಂದು ಫೆಲ್ಡ್‌ಮನ್‌ಗೆ ಬಹುಬೇಗ ಅರಿವಾಗಿತ್ತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರು, ಅವರಿಗೆ ತೊಂದರೆ ಕೊಡಲು ಮನಸ್ಸಾಗದೆ ಹಾಗೆಯೇ ಬಿಟ್ಟೆ ಎಂದು ಅವರು ಮುಂದೆ ಹೇಳಿಕೊಂಡರು. ಹನ್ನೆರಡು ಮಂದಿಯ ಅನುಕೂಲಕ್ಕಾಗಿ ಉಳಿದ ತೊಡಕನ್ನು ಲಕ್ಷಾಂತರ ಮಂದಿ ಐವತ್ತು ವರ್ಷಗಳಿಂದ ಅನುಭವಿಸುತ್ತಿದ್ದಾರೆ. ತಳಪಾಯದ ತಪ್ಪಿನ ಸ್ವಭಾವವೇ ಅಂಥದ್ದು: ತಿದ್ದುವುದನ್ನು ಮುಂದೂಡಿದಷ್ಟೂ ತಿದ್ದುವುದು ಕಷ್ಟವಾಗುತ್ತ ಹೋಗುತ್ತದೆ.

ಪದರದ ಮೇಲೆ ಪದರ

ಎಂಬತ್ತು–ತೊಂಬತ್ತರ ದಶಕಗಳಲ್ಲಿ ಮತ್ತೊಂದು ಸಮಸ್ಯೆ ತಲೆದೋರಿತು. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಸನ್, ಐಬಿಎಂ, ಎಚ್‌ಪಿ ಮುಂತಾದ ಕಂಪನಿಗಳು ತಮ್ಮ ತಮ್ಮ ರೀತಿಯಲ್ಲಿ ಮಾರ್ಪಡಿಸಿಕೊಂಡಿದ್ದವು. ಒಂದರಲ್ಲಿದ್ದ ಸೌಕರ್ಯ ಇನ್ನೊಂದರಲ್ಲಿಲ್ಲ. ಇದ್ದರೂ ಹೆಸರು ಬೇರೆ. ಎಲ್ಲ ಕಡೆಯೂ ಓಡಬೇಕಾದ ತಂತ್ರಾಂಶ ತಾನು ಬಂದಿಳಿದ ಯಂತ್ರ ಎಂಥದ್ದು ಎಂದು ಮೊದಲು ವಿಚಾರಿಸಿಕೊಳ್ಳಬೇಕಾಯಿತು. 1991ರಲ್ಲಿ ಡೇವಿಡ್ ಮೆಕೆಂಝಿ ಆರಂಭಿಸಿದ 'ಆಟೋಕಾನ್ಫ್' ಇದಕ್ಕೆ ಉತ್ತರವಾಗಿ ಬಂತು. ಅದು 'ಕಾನ್ಫಿಗರ್' ಎಂಬ ಉದ್ದನೆಯ ವಿಚಾರಣಾ ಪಟ್ಟಿಯನ್ನು ತಾನೇ ಸಿದ್ಧಪಡಿಸಿಕೊಡುತ್ತದೆ. ಆ ಪಟ್ಟಿ ಯಂತ್ರವನ್ನು ನೂರಾರು ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕಂತೆ ಮೇಕ್‌ಗೆ ಸೂಚನೆ ಕೊಡುತ್ತದೆ.

ಆ ಕಾಲಕ್ಕೆ ಇದು ದೊಡ್ಡ ಉಪಕಾರವೇ ಸರಿ. ಅದಿಲ್ಲದಿದ್ದರೆ ಮುಕ್ತ ತಂತ್ರಾಂಶಗಳು ಅಷ್ಟೊಂದು ಬಗೆಯ ಯಂತ್ರಗಳಿಗೆ ಹರಡುತ್ತಿರಲಿಲ್ಲ. ಆದರೆ ಕಾಲ ಬದಲಾಯಿತು. ಆಟೋಕಾನ್ಫ್ ವಿಚಾರಿಸಿಕೊಳ್ಳುತ್ತಿದ್ದ ಬಹುಪಾಲು ಯುನಿಕ್ಸ್ ಪ್ರಭೇದಗಳು ಕಣ್ಮರೆಯಾದವು, ಪ್ರಶ್ನೆಗಳು ಮಾತ್ರ ಉಳಿದವು. ಎಂ4 ಎಂಬ ಹಳೆಯ ಮ್ಯಾಕ್ರೋ ಭಾಷೆಯಲ್ಲಿ ಬರೆದದ್ದು ಶೆಲ್ ಭಾಷೆಗೆ ವಿಸ್ತರಣೆಯಾಗಿ, ಪೋಸ್ಟ್‌ಗ್ರೆಸ್‌ನ ಕಾನ್ಫಿಗರ್ ಕಡತವೊಂದೇ 15 ಸಾವಿರ ಸಾಲುಗಳನ್ನು ಮೀರಿ ಬೆಳೆದಿದೆ. ಯಂತ್ರ ಬರೆದ ಈ ಸಾಲುಗಳನ್ನು ಮನುಷ್ಯರು ಓದುವುದು ಅಪರೂಪ. ಆಟೋಕಾನ್ಫ್‌ನ ಸ್ವಂತ ಸ್ಥಿತಿಯೂ ಉತ್ಸಾಹದಾಯಕವಾಗಿರಲಿಲ್ಲ. 2012ರಲ್ಲಿ ಬಂದ 2.69ನೇ ಆವೃತ್ತಿಯ ನಂತರ ಮುಂದಿನ ಆವೃತ್ತಿ ಬಂದದ್ದು 2020ರ ಕೊನೆಯಲ್ಲಿ. ನಡುವಿನ ಎಂಟು ವರ್ಷ ಹೆಚ್ಚುಕಡಿಮೆ ಮೌನ.

ಪೋಸ್ಟ್‌ಗ್ರೆಸ್‌ನ ತೊಡಕು ಇನ್ನೂ ಒಂದು ಹೆಜ್ಜೆ ಮುಂದಿತ್ತು. 2005ರಲ್ಲಿ ಬಂದ 8.0 ಆವೃತ್ತಿಯಿಂದ ಅದು ವಿಂಡೋಸ್‌ನಲ್ಲಿ ನೇರವಾಗಿ ಓಡತೊಡಗಿತು. ಮುಂದೆ ಮೈಕ್ರೋಸಾಫ್ಟ್ ಕಂಪೈಲರ್‌ಗಾಗಿ ಪರ್ಲ್ ಭಾಷೆಯಲ್ಲಿ ಪ್ರತ್ಯೇಕ ಬಿಲ್ಡ್ ವ್ಯವಸ್ಥೆಯೊಂದನ್ನು ತಂಡದವರೇ ಬರೆದುಕೊಂಡರು. ಹೀಗೆ ಒಂದೇ ಮನೆಗೆ ಎರಡು ಅಡುಗೆಮನೆಗಳಾದವು. ವಿಂಡೋಸ್ ಬಳಸದ ಡೆವಲಪರ್ ತನಗರಿವಿಲ್ಲದೆಯೇ ಎರಡನೆಯ ಅಡುಗೆಮನೆಯನ್ನು ಕೆಡಿಸಿಬಿಡುವುದು ಸಾಮಾನ್ಯವಾಯಿತು. ಅಲ್ಲಿ ಪರೀಕ್ಷೆಗಳು ಒಂದಾದ ಮೇಲೊಂದರಂತೆ ಮಾತ್ರ ನಡೆಯುತ್ತಿದ್ದುದರಿಂದ ತಪ್ಪು ತಿಳಿಯುವುದೂ ತಡವಾಗುತ್ತಿತ್ತು.

ಇತ್ತ ಮೇಕ್‌ನ ಕಡೆಯೂ ಒಂದೊಂದು ಕಡತಕೋಶಕ್ಕೆ ಒಂದೊಂದು ಪ್ರತ್ಯೇಕ ಸೂಚನಾಪಟ್ಟಿ. ಒಬ್ಬ ಅಡುಗೆಯವನ ಪಟ್ಟಿ ಇನ್ನೊಬ್ಬನಿಗೆ ಕಾಣುವುದಿಲ್ಲ. ಆದ್ದರಿಂದ ಇಡೀ ಅಡುಗೆಯ ಅವಲಂಬನೆಗಳು ಯಾರಿಗೂ ಪೂರ್ತಿಯಾಗಿ ಗೊತ್ತಿಲ್ಲ. ಈ ಪದ್ಧತಿಯ ಅಪಾಯವನ್ನು ಆಸ್ಟ್ರೇಲಿಯಾದ ಪೀಟರ್ ಮಿಲ್ಲರ್ 1998ರಷ್ಟು ಹಿಂದೆಯೇ ಪ್ರಬಂಧವೊಂದರಲ್ಲಿ ಬಿಡಿಸಿ ತೋರಿಸಿದ್ದರು.

ಇವೆಲ್ಲಕ್ಕಿಂತ ದೊಡ್ಡ ಚಿಂತೆ ಮನುಷ್ಯರದು. ಹಳೆಯ ವ್ಯವಸ್ಥೆಯ ಒಳಹೊರಗನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ನಮ್ಮ ಹಳ್ಳಿಗಳ ಕೆರೆಗಳಿಗೆ ನೀರಗಂಟಿ ಇದ್ದ ಹಾಗೆ ಇದು. ಯಾವ ತೂಬನ್ನು ಎಷ್ಟು ಎತ್ತಬೇಕು, ಏರಿಯ ಯಾವ ಭಾಗ ಮೆದು ಎಂಬುದು ಅವನಿಗೆ ಮಾತ್ರ ಗೊತ್ತು. ಅವನ ನಂತರ ಆ ಕೆಲಸಕ್ಕೆ ಯಾರೂ ಬಾರದಿದ್ದರೆ ಕೆರೆ ಅಂದೇ ಒಡೆಯುವುದಿಲ್ಲ. ಆದರೆ ಒಡೆಯುವ ದಿನ ಅದನ್ನು ತಡೆಯಬಲ್ಲವರು ಊರಲ್ಲಿರುವುದಿಲ್ಲ.

ಹಳೆಯದು ನಿಂತಿರುವಾಗಲೇ ಹೊಸದು

ಜರ್ಮನಿ ಮೂಲದ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಪೋಸ್ಟ್‌ಗ್ರೆಸ್‌ನ ಪ್ರಮುಖ ನಿರ್ಮಾತೃಗಳಲ್ಲಿ ಒಬ್ಬರು. 2021ರ ಅಕ್ಟೋಬರ್‌ನಲ್ಲಿ ಅವರು ಹೊಸ ಬಿಲ್ಡ್ ವ್ಯವಸ್ಥೆಯ ಪ್ರಸ್ತಾವವನ್ನು ತಂಡದ ಮುಂದಿಟ್ಟರು. ಹಳೆಯದರ ಒಂದೊಂದು ದೋಷವನ್ನೂ ಬಿಡಿಬಿಡಿಯಾಗಿ ಸರಿಪಡಿಸಲು ಸಾಧ್ಯವಿದೆ, ಆದರೆ ಎಲ್ಲವನ್ನೂ ಒಟ್ಟಾಗಿ ನೋಡಿದಾಗ ಹೊಸ ವ್ಯವಸ್ಥೆಗೆ ಹೋಗುವುದೇ ಲೇಸು ಎಂಬುದು ಅವರ ವಾದದ ಸಾರ. ಅವರು ಸೂಚಿಸಿದ್ದು 'ಮೆಸಾನ್' ಎಂಬ ಸಲಕರಣೆಯನ್ನು.

ಫಿನ್ಲೆಂಡಿನ ಯೂಸ್ಸಿ ಪಕ್ಕಾನೆನ್ 2012ರ ಕೊನೆಯಲ್ಲಿ ಆರಂಭಿಸಿದ ಮೆಸಾನ್‌ಗೆ ಒಂದು ವಿಶೇಷವಿದೆ. ಅದರ ಭಾಷೆಯನ್ನು ಬೇಕೆಂದೇ ಚಿಕ್ಕದಾಗಿ ಇಡಲಾಗಿದೆ. ಬಳಕೆದಾರರು ತಮ್ಮದೇ ಫಂಕ್ಷನ್‌ಗಳನ್ನು ಬರೆಯಲು ಅದರಲ್ಲಿ ಅವಕಾಶವಿಲ್ಲ. ಶಕ್ತಿ ಕಡಿಮೆ ಮಾಡಿರುವುದೇ ಅದರ ಗುಣ. ಚಮತ್ಕಾರಕ್ಕೆ ಜಾಗವಿಲ್ಲದ ಕಡೆ ಗೋಜಲಿಗೂ ಜಾಗ ಕಡಿಮೆ. ಮೆಸಾನ್ ಸೂಚನೆಗಳನ್ನು ಸಿದ್ಧಪಡಿಸಿದರೆ, ನಿಜವಾದ ದುಡಿಮೆಯನ್ನು ಸಾಮಾನ್ಯವಾಗಿ 'ನಿಂಜಾ' ಮಾಡುತ್ತದೆ. ಇದು ಕ್ರೋಮ್ ಬ್ರೌಸರ್ ಕಟ್ಟುವುದು ಬಹಳ ನಿಧಾನವಾಗುತ್ತಿದೆ ಎಂದು ಗೂಗಲ್‌ನ ಇವಾನ್ ಮಾರ್ಟಿನ್ ಬರೆದ ಚುರುಕು ಸಲಕರಣೆ. ಎಲ್ಲ ಅವಲಂಬನೆಗಳೂ ಅದಕ್ಕೆ ಒಂದೇ ಪಟ್ಟಿಯಲ್ಲಿ ಕಾಣುವುದರಿಂದ ಕೆಲಸವನ್ನು ಹಂಚಿ ಏಕಕಾಲಕ್ಕೆ ಮಾಡಿಸುವುದು ಸುಲಭ.

ಇಲ್ಲಿ ಗಮನಿಸಬೇಕಾದದ್ದು ತಂಡ ನಡೆದ ದಾರಿಯನ್ನು. ತಳಪಾಯ ಬದಲಿಸಲು ಹೊರಟವರು ಎಡವಿದ ಉದಾಹರಣೆ ಮೊದಲೇ ಇತ್ತು. ಲಿನಕ್ಸ್ ಬಳಕೆದಾರರಿಗೆ ಪರಿಚಿತವಾದ ಕೆಡಿಇ ಯೋಜನೆ 2005ರಲ್ಲಿ ಹಳೆಯ ಬಿಲ್ಡ್ ವ್ಯವಸ್ಥೆಯನ್ನು ಕೈಬಿಟ್ಟು 'ಎಸ್‌ಕಾನ್ಸ್' ಎಂಬುದಕ್ಕೆ ಹೋಗಲು ನಿರ್ಧರಿಸಿತು. ತಿಂಗಳುಗಟ್ಟಲೆ ಹೆಣಗಿದ ಮೇಲೆ ಅದು ತಮ್ಮ ಗಾತ್ರಕ್ಕೆ ಒಗ್ಗದೆಂದು ಮನವರಿಕೆಯಾಗಿ 2006ರಲ್ಲಿ 'ಸಿಮೇಕ್' ಕಡೆಗೆ ತಿರುಗಿತು. 2008ರ ಜನವರಿಯಲ್ಲಿ ಹೊರಬಂದ ಕೆಡಿಇ 4.0 ಅದರಿಂದಲೇ ಕಟ್ಟಿದ್ದು. ಸಿಮೇಕ್‌ನ ನಿರ್ಮಾತೃಗಳು ಕೆಡಿಇ ತಂಡದ ತೊಂದರೆಗಳನ್ನು ಆಲಿಸಿ ತಮ್ಮ ಸಲಕರಣೆಯನ್ನು ತಿದ್ದಿಕೊಂಡದ್ದು ಆ ಯಶಸ್ಸಿಗೆ ಮುಖ್ಯ ಕಾರಣ. ಸಲಕರಣೆ ಎಷ್ಟು ಒಳ್ಳೆಯದು ಎಂಬುದರಷ್ಟೇ, ಅದರ ಹಿಂದೆ ಯಾರಿದ್ದಾರೆ ಎಂಬುದೂ ಮುಖ್ಯ. ಸಿಸ್ಟಂಡಿ, ಗ್ನೋಮ್, ಮೆಸಾ ಮುಂತಾದ ಯೋಜನೆಗಳು ಅದಾಗಲೇ ಮೆಸಾನ್‌ಗೆ ಹೋಗಿ ನೆಲೆಗೊಂಡಿದ್ದವು. ಪೋಸ್ಟ್‌ಗ್ರೆಸ್ ತಂಡದ ಆಯ್ಕೆಗೆ ಇದು ಬಹುಮಟ್ಟಿಗೆ ಆಧಾರವಾಯಿತು.

ಸುಮಾರು ಒಂದು ವರ್ಷದ ಚರ್ಚೆ, ಪರಿಶೀಲನೆಗಳ ಬಳಿಕ 2022ರ ಸೆಪ್ಟೆಂಬರ್‌ನಲ್ಲಿ ಮೆಸಾನ್ ವ್ಯವಸ್ಥೆಯ ಮೊದಲ ರೂಪ ಮುಖ್ಯ ಭಂಡಾರಕ್ಕೆ ಸೇರಿತು. ಫ್ರಾಯ್ಂಡ್ ಜೊತೆ ನಾಝಿರ್ ಬಿಲಾಲ್ ಯಾವುಝ್, ಪೀಟರ್ ಐಸೆನ್‌ಟ್ರಾಟ್ ಇದರ ಕರ್ತೃಗಳು. ಪರಿಪೂರ್ಣವಾಗುವವರೆಗೆ ಕಾಯದೆ, ಒಳಗೆ ತಂದುಕೊಂಡೇ ಪಕ್ವಗೊಳಿಸೋಣ ಎಂಬುದು ಅವರ ನಿರ್ಧಾರವಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ 16ನೇ ಆವೃತ್ತಿಯನ್ನು ಹಳೆಯ ರೀತಿಯಲ್ಲೂ ಕಟ್ಟಬಹುದಿತ್ತು, ಹೊಸ ರೀತಿಯಲ್ಲೂ ಕಟ್ಟಬಹುದಿತ್ತು. 2024ರ ಸೆಪ್ಟೆಂಬರ್‌ನ 17ನೇ ಆವೃತ್ತಿಯ ಹೊತ್ತಿಗೆ ವಿಂಡೋಸ್‌ನ ಪ್ರತ್ಯೇಕ ಪರ್ಲ್ ವ್ಯವಸ್ಥೆ ನಿವೃತ್ತಿಯಾಯಿತು. ಮೇಕ್ ಮತ್ತು ಆಟೋಕಾನ್ಫ್ ಮಾತ್ರ ಆಗಲೂ ಉಳಿದವು.

ಅವುಗಳನ್ನು ಉಳಿಸಿಕೊಂಡದ್ದು ಅಂಜಿಕೆಯಿಂದಲ್ಲ. ಪೋಸ್ಟ್‌ಗ್ರೆಸ್‌ಗೆ ಜೋಡಿಸಬಲ್ಲ ವಿಸ್ತರಣೆಗಳನ್ನು ಜಗತ್ತಿನಾದ್ಯಂತ ಬೇರೆ ಬೇರೆ ಜನ ಬರೆದಿದ್ದಾರೆ. ಭೂಪಟದ ಮಾಹಿತಿಯನ್ನು ನಿರ್ವಹಿಸುವ ಪೋಸ್ಟ್‌ಜಿಐಎಸ್ ಅವುಗಳಲ್ಲಿ ಹೆಸರುವಾಸಿ. ಇವುಗಳಲ್ಲಿ ಬಹಳಷ್ಟು ಮೇಕ್ ಆಧಾರಿತ ಸೂಚನೆಗಳನ್ನು ನಂಬಿಕೊಂಡಿವೆ. ಅದಕ್ಕಾಗಿ ಮೆಸಾನ್‌ನಿಂದ ಕಟ್ಟಿದಾಗಲೂ ವಿಸ್ತರಣೆಗಳಿಗೆ ಬೇಕಾದ ಮೇಕ್ ಕಡತಗಳು ಸೃಷ್ಟಿಯಾಗುವಂತೆ ನೋಡಿಕೊಳ್ಳಲಾಯಿತು. ಪ್ರತಿಯೊಂದು ಪ್ರಧಾನ ಆವೃತ್ತಿಗೂ ಐದು ವರ್ಷ ಬೆಂಬಲ ನೀಡುವ ವಾಡಿಕೆ ಇರುವುದರಿಂದ ಹಳೆಯ ವ್ಯವಸ್ಥೆಯ ಜ್ಞಾನ ಹೇಗೂ ಬೇಕು. ಇದಕ್ಕೆ ಬೆಲೆಯನ್ನೂ ತೆರಬೇಕಾಗಿದೆ. ಹೊಸ ಕಡತ ಸೇರಿದಾಗಲೆಲ್ಲ ಎರಡೂ ಪಟ್ಟಿಗಳಲ್ಲಿ ಅದರ ಹೆಸರು ಬರೆಯಬೇಕು. ಒಂದರಲ್ಲಿ ಮರೆತರೆ ಎಲ್ಲೋ ಒಂದು ಯಂತ್ರದಲ್ಲಿ ಕೆಲಸ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ಗಾಗಿ ಸ್ವಯಂಸೇವಕರು ಬೇರೆ ಬೇರೆ ಬಗೆಯ ಯಂತ್ರಗಳನ್ನು ಮೀಸಲಿಟ್ಟು ನಡೆಸುವ 'ಬಿಲ್ಡ್ ಫಾರ್ಮ್' ಇಂಥ ತಪ್ಪುಗಳನ್ನು ಪತ್ತೆ ಹಚ್ಚುತ್ತದೆ. ಪೂಜೆ ನಿಲ್ಲಿಸದೆ ಗುಡಿಯ ಜೀರ್ಣೋದ್ಧಾರ ಮಾಡುವವರು ಎರಡು ಪಟ್ಟು ದುಡಿಯಬೇಕಾಗುತ್ತದೆ, ಬೇರೆ ದಾರಿಯಿಲ್ಲ.

ಅರ್ಧ ಸೆಕೆಂಡಿನ ಸುಳಿವು

ಇಷ್ಟೆಲ್ಲ ಶ್ರಮ ಕೆಲವು ನಿಮಿಷಗಳ ಉಳಿತಾಯಕ್ಕಾಗಿ ಮಾತ್ರವೇ ಎಂದು ಕೇಳುವವರಿಗೆ 2024ರ ಮಾರ್ಚ್‌ನ ಪ್ರಕರಣವೇ ಉತ್ತರ. ಕಾಕತಾಳೀಯವೆಂಬಂತೆ ಅದರ ಕೇಂದ್ರದಲ್ಲಿದ್ದವರೂ ಇದೇ ಆಂಡ್ರೆಸ್ ಫ್ರಾಯ್ಂಡ್. ಆಗ ಮೈಕ್ರೋಸಾಫ್ಟ್ ಉದ್ಯೋಗಿಯಾಗಿದ್ದ ಅವರು ಪೋಸ್ಟ್‌ಗ್ರೆಸ್‌ನ ವೇಗವನ್ನು ಅಳೆಯುವ ಪ್ರಯೋಗದಲ್ಲಿ ತೊಡಗಿದ್ದರು. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಅರ್ಧ ಸೆಕೆಂಡಿನಷ್ಟು ತಡಮಾಡುತ್ತಿರುವುದು ಅವರ ಗಮನಕ್ಕೆ ಬಂತು. ಬೇರೆಯವರಾದರೆ ಲಕ್ಷ್ಯ ಕೊಡುತ್ತಿರಲಿಲ್ಲವೇನೋ. ಅವರು ಬೆನ್ನು ಹತ್ತಿದರು. ಸುಳಿವು 'ಎಕ್ಸ್‌ಝಡ್' ಎಂಬ, ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶದತ್ತ ಕರೆದೊಯ್ದಿತು. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲೊಂದನ್ನು ಕೊರೆದಿಟ್ಟಿದ್ದರು. ಗುಪ್ತ ಕೀಲಿಯಿದ್ದವರು ಅದರ ಮೂಲಕ ಯಂತ್ರದೊಳಗೆ ತಮಗಿಷ್ಟ ಬಂದ ಆಜ್ಞೆಯನ್ನು ನಡೆಸಬಹುದಿತ್ತು. ಮಾರ್ಚ್ 29ರಂದು ಫ್ರಾಯ್ಂಡ್ ಇದನ್ನು ಜಗಜ್ಜಾಹೀರು ಮಾಡಿದರು. ಅಪಾಯದ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ಕೊಡಲಾಯಿತು. ಪ್ರಮುಖ ಲಿನಕ್ಸ್ ವಿತರಣೆಗಳ ಸ್ಥಿರ ಆವೃತ್ತಿಗಳನ್ನು ಅದು ಇನ್ನೂ ತಲುಪಿರಲಿಲ್ಲ ಎಂಬುದು ಜಗತ್ತಿನ ಅದೃಷ್ಟ.

ಕಳ್ಳಬಾಗಿಲು ಎಲ್ಲಿ ಅಡಗಿತ್ತು ಎಂಬುದೇ ಇಲ್ಲಿ ಮುಖ್ಯ. ಎಲ್ಲರೂ ಓದಬಹುದಾದ ಸೋರ್ಸ್ ಕೋಡ್ ಭಂಡಾರದಲ್ಲಿ ಅದರ ಬೀಗ ತೆರೆಯುವ ಸಾಲುಗಳೇ ಇರಲಿಲ್ಲ. ಆಟೋಕಾನ್ಫ್‌ಗೆ ಸೇರಿದ ಎಂ4 ಭಾಷೆಯ ಒಂದು ಕಡತವನ್ನು ತಿದ್ದಿ, ವಿತರಣೆಗಾಗಿ ಸಿದ್ಧಪಡಿಸಿದ ಗಂಟಿನಲ್ಲಿ ಮಾತ್ರ ಇರಿಸಲಾಗಿತ್ತು. ಪರೀಕ್ಷೆಗಾಗಿ ಇಟ್ಟ ಕಡತಗಳೆಂಬ ಸೋಗಿನಲ್ಲಿದ್ದ ವಿಷವನ್ನು ಬಿಲ್ಡ್ ನಡೆಯುವ ಹೊತ್ತಿನಲ್ಲಿ ಹೊರತೆಗೆದು ಬೆರೆಸುವುದು ಅದರ ಕೆಲಸ. ಸಾವಿರಾರು ಸಾಲುಗಳ, ಯಾರೂ ಓದದ, ಓದಿದರೂ ಅರ್ಥವಾಗದ ಬಿಲ್ಡ್ ಸೂಚನೆಗಳ ನಡುವೆ ಅಡಗಲು ಇದಕ್ಕಿಂತ ಒಳ್ಳೆಯ ಪೊದೆ ಯಾವುದಿದೆ? ಯುನಿಕ್ಸ್ ಜನಕರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದೇ ಎಚ್ಚರಿಕೆ ಕೊಟ್ಟಿದ್ದರು. ಸೋರ್ಸ್ ಕೋಡ್ ಶುದ್ಧವಾಗಿದ್ದ ಮಾತ್ರಕ್ಕೆ ತಂತ್ರಾಂಶ ಶುದ್ಧವೆನ್ನಲಾಗದು, ಅದನ್ನು ಕಟ್ಟುವ ಸಲಕರಣೆಯೇ ಮೋಸ ಮಾಡಬಲ್ಲುದು ಎಂಬುದು ಅದರ ತಿರುಳು.

ಹಾಗಾದರೆ ಹೊಸ ಬಿಲ್ಡ್ ವ್ಯವಸ್ಥೆ ಇದ್ದರೆ ಮೋಸ ನಡೆಯುವುದಿಲ್ಲವೇ? ಅಷ್ಟು ಸರಳವಾಗಿ ಹೇಳುವಂತಿಲ್ಲ. ಎಕ್ಸ್‌ಝಡ್‌ನಲ್ಲಿ ಆಧುನಿಕವಾದ ಸಿಮೇಕ್ ಸೂಚನೆಗಳೂ ಇದ್ದವು. ಅಲ್ಲಿನ ಒಂದು ತಪಾಸಣೆಯ ನಡುವೆ ಒಂಟಿ ಚುಕ್ಕೆಯೊಂದನ್ನು ಸೇರಿಸಲಾಗಿತ್ತು. ಆ ಚುಕ್ಕೆಯಿಂದ ತಪಾಸಣೆ ಪ್ರತಿ ಸಲವೂ ವಿಫಲವಾಗಿ, ಲಿನಕ್ಸ್‌ನ ರಕ್ಷಣಾ ಸೌಲಭ್ಯವೊಂದು ಸದ್ದಿಲ್ಲದೆ ನಿಷ್ಕ್ರಿಯವಾಗುತ್ತಿತ್ತು. ಸಲಕರಣೆ ಹೊಸದಾದರೆ ಸಾಲದು, ಅದನ್ನು ಓದುವ ಕಣ್ಣುಗಳೂ ಬೇಕು. ಆದರೆ ಚಿಕ್ಕ ಕಡತದಲ್ಲಿರುವ ಒಂದು ಚುಕ್ಕೆಯನ್ನು ಕಣ್ಣಿದ್ದವರು ಕಾಣಬಲ್ಲರು. ಹದಿನೈದು ಸಾವಿರ ಸಾಲುಗಳ ಶೆಲ್ ಕಾಡಿನಲ್ಲಿ ಆ ಸಾಧ್ಯತೆಯೂ ಇಲ್ಲ. ನವೀಕರಣದಿಂದ ಸಿಗುವ ನಿಜವಾದ ಲಾಭ ಈ ಸಾಧ್ಯತೆಯೇ.

ಪೋಸ್ಟ್‌ಗ್ರೆಸ್ ತಂಡ ಈ ಅಪಾಯವನ್ನು ಮೊದಲೇ ಗ್ರಹಿಸಿತ್ತೆನ್ನಬೇಕು. ಅದು ಬಿಡುಗಡೆ ಮಾಡುತ್ತಿದ್ದ ಗಂಟಿನಲ್ಲಿ, ಬಳಕೆದಾರರಿಗೆ ಅನುಕೂಲವಾಗಲೆಂದು ಯಂತ್ರ ಮೊದಲೇ ತಯಾರಿಸಿದ ಹಲವು ಕಡತಗಳೂ ಇರುತ್ತಿದ್ದವು. ಭಂಡಾರದಲ್ಲಿಲ್ಲದ, ಗಂಟಿನಲ್ಲಿ ಮಾತ್ರ ಇರುವ ಇಂಥವುಗಳನ್ನು ಇನ್ನು ಸೇರಿಸುವುದಿಲ್ಲವೆಂದು 2023ರ ನವೆಂಬರ್‌ನಲ್ಲಿ, ಎಕ್ಸ್‌ಝಡ್ ಪ್ರಕರಣ ಬಯಲಾಗುವುದಕ್ಕೆ ನಾಲ್ಕು ತಿಂಗಳ ಮುನ್ನ, ಅದು ತೀರ್ಮಾನಿಸಿತು. ಎರಡು ಬಗೆಯ ಬಿಲ್ಡ್‌ಗಳನ್ನು ಸಂಭಾಳಿಸುವ ತಲೆನೋವು ತಪ್ಪಲಿ ಎಂಬುದು ಒಂದು ಕಾರಣ. ಕೈಗೆ ಬಂದ ಗಂಟು ಯಾವ ಮೂಲದಿಂದ ಬಂತೆಂದು ಯಾರು ಬೇಕಾದರೂ ತಾಳೆ ನೋಡುವಂತಿರಲಿ ಎಂಬುದು ಇನ್ನೊಂದು.

ಓಡುವ ಗಾಡಿ, ಸವೆದ ಕೀಲು

ಓಡುತ್ತಿರುವ ಗಾಡಿಯ ಗಾಲಿಗೆ ಏಕೆ ಕೈಹಾಕಬೇಕು ಎನ್ನುವವರ ಮಾತಿನಲ್ಲೂ ಹುರುಳಿದೆ. ಮೆಸಾನ್‌ಗೆ ಪೈಥಾನ್ ಬೇಕು. ಬರಿಯ ಶೆಲ್ ಮತ್ತು ಮೇಕ್ ಇದ್ದರೆ ಸಾಕಾಗಿದ್ದ ಹಳೆಯ ಯಂತ್ರಗಳಿಗೆ ಇದು ಹೊಸ ಹೊರೆ. ಐವತ್ತು ವರ್ಷ ಬಾಳಿದ ಮೇಕ್‌ನಂತೆ ಮೆಸಾನ್ ಬಾಳೀತೆಂಬ ಖಾತರಿಯನ್ನು ಯಾರೂ ಕೊಡಲಾರರು. ಹೊಸದರ ಮೋಹಕ್ಕೆ ಬಿದ್ದು, ದಶಕಗಳ ಅನುಭವ ಅಡಗಿರುವ ಹಳೆಯ ಸೂಚನೆಗಳನ್ನು ಒಮ್ಮೆಲೇ ಎಸೆಯುವುದು ಅವಿವೇಕ. ಆದ್ದರಿಂದಲೇ ಪೋಸ್ಟ್‌ಗ್ರೆಸ್‌ನ ನಿಧಾನಗತಿ ಮಾದರಿಯಾಗುತ್ತದೆ. ಜಗತ್ತಿನ ಬಹುಪಾಲು ಪ್ರೋಗ್ರಾಮರುಗಳು ನಿತ್ಯ ಬಳಸುವ 'ಗಿಟ್' ಕೂಡ 2025ರ ಜನವರಿಯ 2.48ನೇ ಆವೃತ್ತಿಯಲ್ಲಿ ಮೇಕ್ ಅನ್ನು ಉಳಿಸಿಕೊಂಡೇ ಮೆಸಾನ್‌ಗೆ ಬಾಗಿಲು ತೆರೆಯಿತು. ಆದರೆ ಗಾಡಿ ಓಡುತ್ತಿದೆ ಎಂಬುದು ಕೀಲು ಸವೆದಿಲ್ಲ ಎಂಬುದಕ್ಕೆ ಪುರಾವೆಯಲ್ಲ.

ಇವೆರಡು ಯೋಜನೆಗಳ ನಡುವಿನ ಅಂತರ ಸಲಕರಣೆಗಳದ್ದಷ್ಟೇ ಅಲ್ಲ. ಪೋಸ್ಟ್‌ಗ್ರೆಸ್‌ಗೆ ಹತ್ತಾರು ಅನುಭವಿ ಕೈಗಳಿವೆ. ಅವರಲ್ಲಿ ಹಲವರಿಗೆ ಅದೇ ಕೆಲಸಕ್ಕಾಗಿ ಕಂಪನಿಗಳು ಸಂಬಳ ಕೊಡುತ್ತವೆ. ಹಾಗಾಗಿ ಎರಡು ಮೂರು ವರ್ಷ ತಳಪಾಯದ ಕೆಲಸಕ್ಕೆ ಸಮಯ ಮೀಸಲಿಡುವುದು ಸಾಧ್ಯವಾಯಿತು. ಎಕ್ಸ್‌ಝಡ್ ಅನ್ನು ಲಾಸ್ಸೆ ಕೊಲ್ಲಿನ್ ಎಂಬ ಒಬ್ಬರೇ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 'ಜಿಯಾ ಟಾನ್' ಎಂಬ ಹೆಸರಿಟ್ಟುಕೊಂಡ ಅಪರಿಚಿತ ವರ್ಷಗಟ್ಟಲೆ ಸಹಾಯಕನಂತೆ ನಟಿಸಿ, ನಂಬಿಕೆ ಗಳಿಸಿ, ಕೀಲಿಕೈ ಪಡೆದ. ಅದೇ ಹೊತ್ತಿನಲ್ಲಿ ಕೆಲಸ ಸಾಗುತ್ತಿಲ್ಲವೆಂದು ದೂರುವ, ಬೇರೆಯವರಿಗೆ ವಹಿಸಿರೆಂದು ಒತ್ತಾಯಿಸುವ ಪತ್ರಗಳು ಕೊಲ್ಲಿನ್‌ಗೆ ಬರುತ್ತಿದ್ದವು. ಕಳ್ಳನಿಗೆ ಮೊದಲು ಸಿಕ್ಕ ಬಿರುಕು ಎಂ4 ಕಡತದಲ್ಲಿರಲಿಲ್ಲ. ನೋಡಿಕೊಳ್ಳುವವರು ಒಬ್ಬರೇ ಎಂಬುದೇ ಆ ಬಿರುಕು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹೆಚ್ಚು ವ್ಯವಹಾರಜ್ಞಾನ ಉಳ್ಳವರಾಗಿದ್ದರು. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಪದಗಳು ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದ್ದಷ್ಟಕ್ಕೇ ಪುಣ್ಯ ಪೂರ್ತಿಯಾಗುತ್ತದೆಂದು ಅವರು ಭಾವಿಸಲಿಲ್ಲ. ಅದರ ಪಾಲನೆಗೂ ಭೂಮಿಯನ್ನೋ ಆದಾಯವನ್ನೋ ಬಿಟ್ಟುಕೊಟ್ಟರು. ಮುಕ್ತ ತಂತ್ರಾಂಶದ ವಿಷಯದಲ್ಲಿ ನಮ್ಮ ನಡೆ ಇದಕ್ಕೆ ತದ್ವಿರುದ್ಧ. ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ರೂಪಿಸಿದೆ. ಅದು ಸ್ವಾಗತಾರ್ಹ. ಆದರೆ ಪರವಾನಗಿ ಶುಲ್ಕ ಉಳಿಯುತ್ತದೆ ಎಂಬ ಲೆಕ್ಕದ ಪಕ್ಕದಲ್ಲೇ ಅದರ ಪಾಲನೆಗೆ ನಾವೆಷ್ಟು ಕೊಟ್ಟೆವು ಎಂಬ ಲೆಕ್ಕವೂ ಇರಬೇಡವೇ?

ದಾರಿ ತೋರಿದವರು ಇಲ್ಲದಿಲ್ಲ. ಜರ್ಮನಿಯ ಸರ್ಕಾರ 2022ರಲ್ಲಿ 'ಸಾವರಿನ್ ಟೆಕ್ ಫಂಡ್' ಸ್ಥಾಪಿಸಿ, ಬುನಾದಿ ತಂತ್ರಾಂಶಗಳ ನಿರ್ವಹಣೆಗೇ ಹಣ ಕೊಡತೊಡಗಿತು. ಬೆಂಗಳೂರಿನ ಝೆರೋಧಾ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ, ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿಯನ್ನು ಘೋಷಿಸಿತು. ಇಂಥವು ಒಂದೆರಡಾದರೆ ಸಾಲದು. ಮುಕ್ತ ತಂತ್ರಾಂಶವನ್ನು ನೆಚ್ಚಿಕೊಂಡ ಸರ್ಕಾರಿ ಇಲಾಖೆಗಳು, ಬ್ಯಾಂಕುಗಳು, ಕಂಪನಿಗಳು ತಮ್ಮ ಗುತ್ತಿಗೆಗಳಲ್ಲೇ ಅದರ ಪಾಲನೆಗೊಂದು ಪಾಲು ಮೀಸಲಿಡಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುವಂತೆಯೇ, ಬರೆದದ್ದನ್ನು ಕಟ್ಟುವ, ತಾಳೆ ನೋಡುವ, ಇತರರು ಬರೆದದ್ದನ್ನು ಓದುವ ವಿದ್ಯೆಯನ್ನೂ ಕಲಿಸಬೇಕು. ಪೋಸ್ಟ್‌ಗ್ರೆಸ್ ಬಳಗದವರ ಸಮ್ಮೇಳನಗಳು ಬೆಂಗಳೂರಿನಲ್ಲಿಯೇ ನಡೆಯುತ್ತವೆ. ಅಲ್ಲಿಂದ ಹೊರಡುವ ಯುವಕ ಯುವತಿಯರಲ್ಲಿ ಕೆಲವರಾದರೂ ಗೋಪುರ ಬಿಟ್ಟು ತಳಪಾಯದ ಕಡೆ ಬಂದರೆ ಅದಕ್ಕಿಂತ ದೊಡ್ಡ ಕೊಡುಗೆ ಬೇರಿಲ್ಲ.

ಬಿಲ್ಡ್ ವ್ಯವಸ್ಥೆಯ ನವೀಕರಣಕ್ಕೆ ಉದ್ಘಾಟನೆಯಿಲ್ಲ, ನಾಮಫಲಕವಿಲ್ಲ. ಸರಿಯಾಗಿ ಮಾಡಿದರೆ ಏನೂ ಬದಲಾದಂತೆ ಕಾಣುವುದಿಲ್ಲ. ಅದೇ ತಂತ್ರಾಂಶ, ಅದೇ ರಸೀದಿ, ಅದೇ ನಕಾಶೆ. ಅರ್ಧ ಸೆಕೆಂಡಿನ ತಡವನ್ನು ಗಮನಿಸಿ ಬೆನ್ನು ಹತ್ತಿದವರು ಒಬ್ಬರಿದ್ದರು ಎಂಬ ಕಾರಣಕ್ಕೆ ಒಮ್ಮೆ ಪಾರಾದೆವು. ಮುಂದಿನ ಸಲವೂ ಅಂಥವರೊಬ್ಬರು ಇರಬೇಕಾದರೆ, ಅವರು ನೋಡಿದ್ದು ಅವರಿಗೆ ಅರ್ಥವಾಗುವಂತಿರಬೇಕಾದರೆ, ಆ ಕೆಲಸಕ್ಕೆ ತಗಲುವ ವೆಚ್ಚವನ್ನು ಬಳಸುವವರೆಲ್ಲರೂ ಹಂಚಿಕೊಳ್ಳಲೇಬೇಕು.